ಕಲ್ಲು ಸರಿದದ್ದೋ, ಚುಕ್ಕಿ ಸರಿದದ್ದೋ?

ನನ್ನ ಶಾಸನದ ನೋಟ್‌ಪುಸ್ತಕದಲ್ಲಿ ಪ್ರತಿ ಕಲ್ಲಿನ ಪಕ್ಕ ಮೂರು ಸಂಖ್ಯೆ ಇರುತ್ತವೆ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಬಂದ ಶಾಸನವಾದರೆ ಅದರ ತಾಲೂಕು ಸಂಖ್ಯೆ ಮೊದಲನೆಯದು. ಎರಡನೆಯದು ನಾನು ತೆಗೆದ ಫೋಟೋದ ಸಂಖ್ಯೆ. ಮೂರನೆಯದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ಕಲ್ಲಿಗೆ ಇಟ್ಟ ಚುಕ್ಕಿಯ ಸಂಖ್ಯೆ. ಬೆಂಗಳೂರಿನ ಹೊರವಲಯದ ಒಂದು ಕೆರೆ ಏರಿಯ ಮೇಲಿದ್ದ ಸಣ್ಣ ವೀರಗಲ್ಲಿನ ಮೂರನೆಯ ಸಂಖ್ಯೆಯನ್ನು ಕಳೆದ ವರ್ಷ ತೆರೆದು ನೋಡಿದೆ. ಚುಕ್ಕಿ ಇರಲಿಲ್ಲ. ಅಳಿಸಲಾಗಿದೆ ಅಂತ ಬಂತು. ಕಾರಣದ ಜಾಗದಲ್ಲಿ ಒಂದೇ ಪದ: ಕ್ಲೀನಪ್.

ಕೋಪ ಬಂತು, ಸುಳ್ಳು ಹೇಳಲ್ಲ. 2016ರಲ್ಲಿ ಬಿಸಿಲಲ್ಲಿ ನಿಂತು, ಕಳ್ಳಿ ಪೊದೆ ಸರಿಸಿ, ಅಕ್ಷರಕ್ಕೆ ಸುಣ್ಣದಪುಡಿ ಹಾಕದೆ ಬರೀ ಓರೆ ಬೆಳಕಲ್ಲಿ ಓದಿ ಹಾಕಿದ್ದ ಚುಕ್ಕಿ ಅದು. ಆದರೆ ಈ ನಕ್ಷೆಯ ಒಂದು ಒಳ್ಳೆಯ ಗುಣ ಏನಂದ್ರೆ ಅಳಿಸಿದ್ದೂ ಅಳಿಯೋದಿಲ್ಲ. ಚುಕ್ಕಿಯ ಸಂಖ್ಯೆ ಗೊತ್ತಿದ್ದರೆ ಅದರ ಪೂರ್ತಿ ಇತಿಹಾಸ ಸಿಗುತ್ತೆ: ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಬದಲಾಯಿಸಿದರು ಅಂತ. ಕೂತು ಓದಿದೆ. ನಾಲ್ಕು ಆವೃತ್ತಿ ಇದ್ದವು. ಮೊದಲನೆಯದು ನನ್ನದು. ಎರಡನೆಯದು 2018ರದು, ಶಾಸನಪಾಠದಲ್ಲಿ ಒಂದು ಅಕ್ಷರ ಬದಲು. ಮೂರನೆಯದು 2019ರದು, ಚುಕ್ಕಿಯನ್ನು ಸುಮಾರು ನಲವತ್ತು ಮೀಟರ್ ಪೂರ್ವಕ್ಕೆ ಸರಿಸಲಾಗಿದೆ, ಟಿಪ್ಪಣಿ 'ಅಪ್‌ಡೇಟ್'. ನಾಲ್ಕನೆಯದು 2021ರಲ್ಲಿ ಅಳಿಸಿದ್ದು.

ನಾನು ಬಹಳ ಹೊತ್ತು ನೋಡಿದ್ದು ಆ ಮೂರನೆಯ ಆವೃತ್ತಿಯನ್ನು. ನಲವತ್ತು ಮೀಟರ್ ಯಾಕೆ ಸರಿಯಿತು? ಒಂದು ಸಾಧ್ಯತೆ, ನನ್ನ ಫೋನಿನ ಜಿಪಿಎಸ್ ತಪ್ಪು ತೋರಿಸಿತ್ತು, ಆ ಪುಣ್ಯಾತ್ಮರು ಸರಿಪಡಿಸಿದರು. ಇನ್ನೊಂದು, ನಾನು ಹಾಕಿದ್ದು ಸರಿಯಾಗಿಯೇ ಇತ್ತು, ಆಮೇಲೆ ಊರಿನವರು ಕಲ್ಲನ್ನೇ ಎತ್ತಿ ಪಕ್ಕದ ಗುಡಿಯ ಹತ್ತಿರ ಇಟ್ಟರು, ನಕ್ಷೆಯವರು ಅದನ್ನು ದಾಖಲಿಸಿದರು. ಎರಡಕ್ಕೂ ನಕ್ಷೆಯಲ್ಲಿ ಕಾಣುವ ಗುರುತು ಒಂದೇ: ಹಳೆಯ ರೇಖಾಂಶ ಹೋಯಿತು, ಹೊಸದು ಬಂತು. ದಾಖಲೆಯ ತಪ್ಪನ್ನು ತಿದ್ದುವುದೂ ಲೋಕ ಬದಲಾದದ್ದನ್ನು ಬರೆಯುವುದೂ ಇಲ್ಲಿ ಒಂದೇ ಕೆಲಸ. ಶಾಸನ ಓದುವವನಿಗೆ ಇದು ನುಂಗಲಾರದ ತುತ್ತು. ಲಿಪಿಕಾರ ತಪ್ಪು ಕೆತ್ತಿದನೋ, ಆ ಕಾಲದ ರೂಪವೇ ಹಾಗಿತ್ತೋ, ಇಲ್ಲಾ ಓದಿದವನ ಕಣ್ಣು ತಪ್ಪಿತೋ ಅನ್ನೋದನ್ನ ಬೇರೆ ಮಾಡೋದೇ ನಮ್ಮ ಕೆಲಸದ ಅರ್ಧ ಅಲ್ವಾ?

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ನಕ್ಷೆ. ಖಾತೆ ಇದ್ದ ಯಾರು ಬೇಕಾದರೂ ತಿದ್ದಬಹುದು. ಒಂದು ಸಲಕ್ಕೆ ಮಾಡಿದ ತಿದ್ದುಪಡಿಗಳ ಕಟ್ಟಿಗೆ ಚೇಂಜ್‌ಸೆಟ್ ಅಂತಾರೆ. 2014ರಿಂದ ಪ್ರತಿ ಚೇಂಜ್‌ಸೆಟ್‌ನ ಕೆಳಗೆ ಬೇರೆಯವರು ಪ್ರಶ್ನೆ ಕೇಳಬಹುದು, ಮಾಡಿದವರು ಉತ್ತರ ಕೊಡಬಹುದು. ಈ ಸ್ವಯಂಸೇವಕರ ಮೂಲಸೂತ್ರ ಏನಂದ್ರೆ ನೆಲದ ಮೇಲೆ ಇವತ್ತು ಏನಿದೆಯೋ ಅದು ಮಾತ್ರ ನಕ್ಷೆಗೆ. ಇನ್ನೊಬ್ಬರು ಹೋಗಿ ನೋಡಿ ಖಚಿತ ಮಾಡಿಕೊಳ್ಳುವ ಹಾಗಿರಬೇಕು. ಬೇರೆ ಕಂಪನಿಗಳ ನಕ್ಷೆಯಿಂದ ನಕಲು ಮಾಡೋ ಹಾಗಿಲ್ಲ. ಸೂತ್ರ ಒಳ್ಳೆಯದೇ. ನನ್ನ ತಕರಾರು ಅದನ್ನು ಪಾಲಿಸುವಾಗ ಏನು ಬರೆಯದೆ ಬಿಡ್ತೀವಿ ಅನ್ನೋದರ ಬಗ್ಗೆ.

ಎರಡನೆಯ ಆವೃತ್ತಿಗೆ ಬರೋಣ. ಇನ್ಸ್‌ಕ್ರಿಪ್ಷನ್ ಅನ್ನುವ ಟ್ಯಾಗ್‌ನಲ್ಲಿ ಕಲ್ಲಿನ ಮೇಲಿನ ಬರಹ ಹಾಕಬಹುದು. ಒಂದು ಟ್ಯಾಗ್‌ನ ಮೌಲ್ಯಕ್ಕೆ 255 ಅಕ್ಷರಗಳ ಮಿತಿ ಇದೆ, ಕನ್ನಡದ ಒತ್ತು ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ದಾನಶಾಸನ ಹಿಡಿಸೋದಿಲ್ಲ. ಪುಟ್ಟ ವೀರಗಲ್ಲಾದರೆ ಹಿಡಿಸುತ್ತೆ. ನಾನು ಹಾಕಿದ ಪಾಠದಲ್ಲಿ ೞ ಇತ್ತು. ಯಾರೋ ಅದನ್ನು ಳ ಮಾಡಿದ್ದರು, ಕಾರಣ 'ಕಾಗುಣಿತ ತಿದ್ದುಪಡಿ'. ಅವರ ಫೋನಿನಲ್ಲಿ ಬಹುಶಃ ಚೌಕ ಡಬ್ಬಿ ಕಂಡಿರಬೇಕು. ಇಲ್ಲಾ ಶಾಲೆಯ ವರ್ಣಮಾಲೆಯಲ್ಲಿ ಇಲ್ಲದ ಅಕ್ಷರ ಕಂಡು ತಪ್ಪು ಅಂದುಕೊಂಡಿರಬೇಕು. ಕೆಟ್ಟ ಉದ್ದೇಶ ಏನಿಲ್ಲ. ಆದರೆ ತೇದಿ ಇಲ್ಲದ ಕಲ್ಲಿನ ಕಾಲ ಊಹಿಸೋಕೆ ನಮಗಿರುವ ಕೆಲವೇ ಆಧಾರಗಳಲ್ಲಿ ೞ ಒಂದು. ಹಳಗನ್ನಡದ ಪೊೞಲ್‌ನಂಥ ಪದಗಳಲ್ಲಿದ್ದ ಈ ಅಕ್ಷರ ಕಾಲ ಕಳೆದಂತೆ ಕೆಲವು ಕಡೆ ಳ ಆಗಿ, ಕೆಲವು ಕಡೆ ರ ಆಗಿ ಶಾಸನಗಳಿಂದ ಮರೆಯಾಯಿತು. ಳ ಮಾಡಿಬಿಟ್ಟರೆ ಕಲ್ಲು ಕಾಗದದ ಮೇಲೆ ಒಂದೆರಡು ಶತಮಾನ ಚಿಕ್ಕದಾಗುತ್ತೆ.

ಈ ಅಕ್ಷರದ ಹಣೆಬರಹ ನೋಡಿ. ಯೂನಿಕೋಡ್‌ಗೆ ಸೇರಿಸುವಾಗ ಅದಕ್ಕೆ 'ಕನ್ನಡ ಲೆಟರ್ ಫಾ' ಅಂತ ಹೆಸರಿಟ್ಟುಬಿಟ್ಟರು. ಫಾ! ತಪ್ಪು ಅಂತ ಆಮೇಲೆ ಗೊತ್ತಾಯಿತು, ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದು ಅನ್ನೋದು ಯೂನಿಕೋಡ್‌ನವರ ನಿಯಮ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಹೆಸರನ್ನು ಬರೆದರು. ಎಂಜಿನಿಯರ್ ಆಗಿ ನನಗೆ ಇದು ಮೊದಲು ಹಾಸ್ಯಾಸ್ಪದ ಅನಿಸಿತ್ತು. ಈಗ ಹಾಗನಿಸೋದಿಲ್ಲ. ತಪ್ಪೂ ತಿದ್ದುಪಡಿಯೂ ಒಟ್ಟಿಗೆ ಕಣ್ಣೆದುರಿಗೆ ಇವೆ. ನಕ್ಷೆಯಲ್ಲಿ ಹಳೆಯದನ್ನು ನೋಡಬೇಕಾದರೆ ಇತಿಹಾಸ ಅಗೆಯಬೇಕು, ಅಗೆದರೂ ಯಾಕೆ ಅನ್ನೋದು ಸಿಗೋದಿಲ್ಲ.

ಬೇಗೂರಿನ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿನ ಎರಡು ಪ್ರಸಿದ್ಧ ಕಲ್ಲುಗಳನ್ನು ಜನ ಪದೇ ಪದೇ ಕಲಸಿಬಿಡ್ತಾರೆ. 'ಬೆಂಗಳೂರು ಕಾಳಗ'ದ ಮಾತಿರುವ ಸಣ್ಣ ಶಾಸನ ಬೇಗೂರಿನ ದೇವಸ್ಥಾನದ ಆವರಣದಲ್ಲಿದೆ. ಗಂಗ ಎರೆಯಪ್ಪನ ಕಾಲದ, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದದ್ದನ್ನು ಹೇಳುವ, ಆನೆ ಕುದುರೆಗಳ ಯುದ್ಧದೃಶ್ಯ ತುಂಬಿದ ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಎರಡಕ್ಕೂ ನಕ್ಷೆಯಲ್ಲಿ 'ಬೇಗೂರು ಶಾಸನ' ಅಂತ ಹೆಸರು ಹಾಕಿ ನೋಡಿ, ಹೆಸರು ಒಂದೇ ಇದೆ, ಡೂಪ್ಲಿಕೇಟ್ ಅಂತ ಯಾರಾದರೂ ಒಂದನ್ನು ತೆಗೆಯೋದು ಖಂಡಿತ. ಮ್ಯೂಸಿಯಂನ ಕಲ್ಲಿಗೆ ಬೇಗೂರಿನಲ್ಲಿ ಚುಕ್ಕಿ ಇಡಬೇಕು ಅಂತ ನಮ್ಮಲ್ಲಿ ಕೆಲವರು ವಾದ ಮಾಡ್ತಾರೆ, ಅದು ಸಿಕ್ಕಿದ ನೆಲ ಅದೇ, ಅದರಲ್ಲಿ ಇರುಗನಿಗೆ ಕೊಟ್ಟ ಬೆಂಪೂರು-12ರ ಬೆಂಪೂರು ಅದೇ ಅಂತ. ಈ ವಿಷಯದಲ್ಲಿ ನಾನು ನಕ್ಷೆಯವರ ಕಡೆ. ಕಲ್ಲು ನೋಡೋಕೆ ಬಂದವನನ್ನು ಬೇಗೂರಿಗೆ ಕಳಿಸಿ ಬರಿಗೈಲಿ ವಾಪಸ್ ಕರೆಸೋದು ಯಾವ ನ್ಯಾಯ? ಸಿಕ್ಕಿದ ಜಾಗ ಬರೆಯೋಕೆ ವಿಕಿಡೇಟಾದಲ್ಲಿ ಬೇರೆಯೇ ಅಂಕಣ ಇದೆ, ಚುಕ್ಕಿಯಿಂದ ಅಲ್ಲಿಗೆ ಕೊಂಡಿ ಹಾಕಿದರೆ ಸಾಕು. ಅಳಿದುಹೋದದ್ದಕ್ಕೆಂದೇ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಅಂತ ಇನ್ನೊಂದು ನಕ್ಷೆ ಇದೆ. ಎಲ್ಲವನ್ನೂ ಒಂದೇ ಚುಕ್ಕಿಯ ತಲೆಮೇಲೆ ಹೇರಬೇಕಾಗಿಲ್ಲ.

ನಮ್ಮವರ ತಪ್ಪು ಇಷ್ಟಕ್ಕೇ ಮುಗಿಯೋದಿಲ್ಲ. ದೊಮ್ಮಲೂರಿನ ಶಾಸನಗಳಲ್ಲಿ ತೊಂಬಲೂರು, ದೇಶಿಮಾಣಿಕ್ಕಪಟ್ಟಣ ಅನ್ನೋ ಹೆಸರುಗಳಿವೆ. ಅವನ್ನು ಬಡಾವಣೆಯ ಹೆಸರಿನ ಜಾಗಕ್ಕೇ ತುರುಕುವ ಉತ್ಸಾಹಿಗಳಿದ್ದಾರೆ. ಆಂಬುಲೆನ್ಸ್ ಡ್ರೈವರ್‌ಗೆ ದೇಶಿಮಾಣಿಕ್ಕಪಟ್ಟಣ ಅಂದ್ರೆ ಏನು ಮಾಡ್ಬೇಕು? ಹಳೆಯ ಹೆಸರಿಗೆ ಬೇರೆ ಟ್ಯಾಗ್ ಇದೆ. ನಾನೂ ಶುರುವಿನಲ್ಲಿ ಪ್ರತಿ ಚುಕ್ಕಿಗೂ 'ಗಂಗರ ಕಾಲದ ಅಪರೂಪದ ವೀರಗಲ್ಲು' ಅಂತ ಹೆಸರು ಕೊಡ್ತಿದ್ದೆ. ಒಬ್ಬ ಹುಡುಗ, ದನಿ ನೋಡಿದ್ರೆ ಕಾಲೇಜಿನವನು, 'ಸರ್, ಹೆಸರಿನ ಜಾಗದಲ್ಲಿ ಹೆಸರು ಮಾತ್ರ, ವರ್ಣನೆ ಬೇಡ. ಅಪರೂಪ ಅನ್ನೋದು ನಿಮ್ಮ ಅಭಿಪ್ರಾಯ' ಅಂತ ಬರೆದ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅವನು ಹೇಳಿದ್ದು ಪೂರ್ತಿ ಸರಿ.

ಹಾಗಾದರೆ ನಕ್ಷೆಯವರಿಂದ ನಾನು ಕೇಳ್ತಿರೋದು ಏನು? ಶಾಸನ ಸಂಪಾದಕರ ಆವರಣ ಚಿಹ್ನೆಗಳು ನೆನಪಿರಲಿ. ಸವೆದ, ಊಹಿಸಿ ತುಂಬಿದ ಅಕ್ಷರಕ್ಕೆ ಚೌಕ ಆವರಣ. ಕೆತ್ತಿದವನ ತಪ್ಪನ್ನು ಸಂಪಾದಕ ತಿದ್ದಿದ್ದರೆ ದುಂಡು ಆವರಣ. ಓದುಗನಿಗೆ ಒಂದೇ ನೋಟಕ್ಕೆ ಕಲ್ಲಿನದ್ದು ಎಷ್ಟು, ಸಂಪಾದಕನದ್ದು ಎಷ್ಟು ಅಂತ ಗೊತ್ತಾಗುತ್ತೆ. ನಕ್ಷೆಯ ಚುಕ್ಕಿಗೆ ಆವರಣ ಇಲ್ಲ. ಬಯಲಿನಲ್ಲಿ ನಿಂತು ಐದು ಮೀಟರ್ ಒಳಗೆ ಹಿಡಿದ ಚುಕ್ಕಿಯೂ, ಎರಡು ಅಪಾರ್ಟ್‌ಮೆಂಟ್ ನಡುವೆ ಜಿಪಿಎಸ್ ತಲೆಕೆಟ್ಟು ಕುಣಿದಾಗ ಒತ್ತಿದ ಚುಕ್ಕಿಯೂ, ಪಕ್ಕಕ್ಕೆ ಸರಿದ ಉಪಗ್ರಹ ಚಿತ್ರದ ಮೇಲೆ ಮನೆಯಲ್ಲೇ ಕೂತು ಇಟ್ಟ ಚುಕ್ಕಿಯೂ ನೋಡೋಕೆ ಒಂದೇ ಥರ. ವ್ಯವಸ್ಥೆಯಲ್ಲಿ ದಾರಿಯೇ ಇಲ್ಲ ಅಂತಲ್ಲ. ಕಾಲ ಖಚಿತವಿಲ್ಲದಿದ್ದರೆ ಇಸವಿಯ ಹಿಂದೆ ಅಲೆಗೆರೆ ಹಾಕಬಹುದು. ಹೆಬ್ಬಾಳದ ಕಿಟ್ಟಯ್ಯನ ಕಲ್ಲಿಗೆ ಬರೀ 750 ಅಂತ ಹಾಕೋದಕ್ಕೂ ಅಲೆಗೆರೆ ಸಮೇತ 750 ಅಂತ ಹಾಕೋದಕ್ಕೂ ಅಜಗಜಾಂತರ. ಅನುಮಾನ ಇದ್ದರೆ ಫಿಕ್ಸ್‌ಮಿ ಅನ್ನುವ ಟ್ಯಾಗ್ ಇದೆ. ಆಧಾರ ಹೇಳೋಕೆ ಸೋರ್ಸ್ ಇದೆ: ಹೋಗಿ ನೋಡಿದ್ದಾದರೆ ಸರ್ವೇ, ಊರಿನ ತಿಳಿವಳಿಕೆಯಾದರೆ ಅದು. ಇಲ್ಲವಾದ ವಸ್ತುವಿನ ಟ್ಯಾಗ್ ಹಿಂದೆ 'ರಿಮೂವ್ಡ್' ಅಂತ ಸೇರಿಸಿ ಚುಕ್ಕಿಯನ್ನು ಸ್ವಲ್ಪ ಕಾಲ ಉಳಿಸೋ ಪದ್ಧತಿಯೂ ಇದೆ, ಹಳೆಯ ಪುಸ್ತಕ ನೋಡಿ ಇನ್ನೊಬ್ಬ ಮತ್ತೆ ಅದೇ ಕಲ್ಲನ್ನು ಅದೇ ಜಾಗಕ್ಕೆ ಹಾಕದಿರಲಿ ಅಂತ. ಇದನ್ನು ಕಸ ಅಂತ ಗುಡಿಸುವವರೂ ಇದ್ದಾರೆ. ಶಾಸನಗಳ ಮಟ್ಟಿಗೆ ಅದು ಕಸ ಅಲ್ಲ.

ಇವು ಯಾವುದೂ ಬೇಡ ಅಂದ್ರೂ ಚೇಂಜ್‌ಸೆಟ್‌ನ ಟಿಪ್ಪಣಿ ಇದೆಯಲ್ಲ. 'ಅಪ್‌ಡೇಟ್' ಬದಲು 'ಕಲ್ಲನ್ನು ಗುಡಿಯ ಹತ್ತಿರಕ್ಕೆ ಸಾಗಿಸಿದ್ದಾರೆ, ಇವತ್ತು ನೋಡಿದೆ' ಅಂತ ಬರೆಯೋಕೆ ಎಷ್ಟು ಹೊತ್ತು? ಬಿ. ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಸಂಪುಟ ತಂದಾಗ ಅಕ್ಷಾಂಶ ರೇಖಾಂಶ ಕೊಡಲಿಲ್ಲ. ಅದೇ ಗ್ರಾಮದ ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ ಅನ್ನೋ ಥರದ ಒಂದು ಸಾಲು ಇರುತ್ತೆ, ಅಷ್ಟೇ. ಆ ಒಂದು ಸಾಲು ಹಿಡಿದುಕೊಂಡು ನಾವು ಈಗಲೂ ಕಲ್ಲು ಹುಡುಕ್ತಿದ್ದೀವಿ.

ಅಳಿಸಿದವರಿಗೆ ಚೇಂಜ್‌ಸೆಟ್ ಕೆಳಗೆ ಬರೆದೆ. ಕೋಪ ಇಳಿದ ಮೇಲೆಯೇ ಬರೆದೆ, ಅದೊಂದು ಒಳ್ಳೆ ಕೆಲಸ ಮಾಡಿದೆ. 'ಈ ಕಲ್ಲು ಯಾಕೆ ತೆಗೆದಿರಿ ಅಂತ ತಿಳಿಸ್ತೀರಾ?' ಮೂರನೆಯ ದಿನ ಉತ್ತರ ಬಂತು. ಅವರು ಆ ಊರಿನ ಪಕ್ಕದವರೇ, ಸೈಕಲ್‌ನಲ್ಲಿ ಹೋಗಿ ನೋಡಿದ್ದರು. ಗುಡಿಯ ಜೀರ್ಣೋದ್ಧಾರ ಆಗಿತ್ತು, ಜೆಸಿಬಿ ಬಂದಿತ್ತು, ಜಗಲಿಗೆಲ್ಲ ಹೊಸ ಗ್ರಾನೈಟ್. ಕಲ್ಲು ಕಾಣಲಿಲ್ಲ, ತೆಗೆದೆ ಅಂದರು. ಆ ದಿನದ ಫೋಟೋ ಇಟ್ಟುಕೊಂಡಿದ್ದರು, ಕಳಿಸಿದರು. ಅದರಲ್ಲಿ ಅರ್ಧ ಕಟ್ಟಿದ ಮೆಟ್ಟಿಲು, ಸಿಮೆಂಟ್ ಚೀಲ. ನಲವತ್ತು ಮೀಟರ್‌ನ ಬಗ್ಗೆಯೂ ಅವರಿಗೇ ಗೊತ್ತಿತ್ತು: ಏರಿ ಮೇಲೆ ರಸ್ತೆ ಅಗಲ ಮಾಡುವಾಗ ಊರಿನವರು ಕಲ್ಲನ್ನು ಎತ್ತಿ ಜಗಲಿಗೆ ಒರಗಿಸಿದ್ದರಂತೆ. ನನ್ನ ಜಿಪಿಎಸ್ ಸರಿಯಾಗಿಯೇ ಇತ್ತು. ಇಷ್ಟು ಮಾಹಿತಿ ಒಬ್ಬ ಮನುಷ್ಯನ ತಲೆಯಲ್ಲಿತ್ತು, ನಕ್ಷೆಯಲ್ಲಿ ಒಂದು ಪದ ಇತ್ತು. ಈಗ ಆ ಚೇಂಜ್‌ಸೆಟ್ ಕೆಳಗಿನ ನಮ್ಮ ಮಾತುಕತೆಯೇ ಆ ಕಲ್ಲು ಯಾವಾಗ ಎಲ್ಲಿತ್ತು ಅನ್ನೋದಕ್ಕೆ ಇರುವ ಏಕೈಕ ದಾಖಲೆ. ಆ ಊರಿನ ಶಾಸನಗಳ ಪಟ್ಟಿಯಲ್ಲಿ ಅದು ಇಲ್ಲ, ಮುದ್ರಣದಲ್ಲೂ ಬಂದಿಲ್ಲ.

ಮುಂದಿನ ಭಾನುವಾರ ಇಬ್ಬರೂ ಹೋದೆವು. ಗುಡಿಯ ಹತ್ತಿರ ಕೂತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆವು. "ಆ ಬರವಣಿಗೆ ಕಲ್ಲಾ? ಮೂರನೇ ಮೆಟ್ಟಿಲಿಗೆ ಹಾಕವ್ರೆ ಕಣಪ್ಪ, ಬೋರಲು" ಅಂದರು. ಮೆಟ್ಟಿಲಿನ ಮೇಲೆ ಗ್ರಾನೈಟ್ ಇತ್ತು, ನಮಗೆ ಏನೂ ಕಾಣಲಿಲ್ಲ. ಮನೆಗೆ ಬಂದು ಹಳೆಯ ಚುಕ್ಕಿಯನ್ನೇ ಮತ್ತೆ ಜೀವಂತ ಮಾಡಿದೆ, ಹೊಸ ಸಂಖ್ಯೆ ಬೇಡ ಅಂತ. 'ರಿಮೂವ್ಡ್' ಸೇರಿಸಿದೆ, ೞ ವಾಪಸ್ ಹಾಕಿದೆ, ಮೆಟ್ಟಿಲಿನ ವಿಷಯ ಫಿಕ್ಸ್‌ಮಿಯಲ್ಲಿ ಬರೆದೆ. ಅವತ್ತೇ ರಾತ್ರಿ ಬೇರೆ ಯಾರೋ ಕೆಳಗೆ ಕೇಳಿದ್ದರು: 'ಮೆಟ್ಟಿಲಿನ ಕೆಳಗೆ ಇರೋದು ನೀವು ನೋಡಿದ್ದೋ, ಯಾರಾದರೂ ಹೇಳಿದ್ದೋ?' ಅಜ್ಜಿ ಹೇಳಿದ್ದು ಅಂತ ಉತ್ತರ ಬರೆದು, ಸೋರ್ಸ್‌ನಲ್ಲಿದ್ದ ಸರ್ವೇ ತೆಗೆದು ಊರಿನ ತಿಳಿವಳಿಕೆ ಅಂತ ಮಾಡಿದೆ.