ಮುದ್ದಣನ ಅಳುಕು, ಮನೋರಮೆಯ ತೀರ್ಪು

ಮುದ್ದಣನೆಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಣಪ್ಪನು 1870ರಲ್ಲಿ ಜನಿಸಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. 31 ವರ್ಷಗಳ ಈ ಅಲ್ಪಾಯುಸ್ಸಿನಲ್ಲಿ ಆತನು ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ರಚಿಸಿದನು, ಆದರೆ ಅವು ತನ್ನವೆಂದು ಲೋಕದೆದುರು ಹೇಳಿಕೊಳ್ಳಲಿಲ್ಲ. ಪ್ರಾಚೀನ ಕೃತಿಗಳೆಂಬ ನೆಪದಿಂದ ಮೈಸೂರಿನ ಕಾವ್ಯಮಾಲೆಗಳಿಗೆ ಕಳುಹಿಸಿದನು. ಪಂಡಿತರು ನಂಬಿದರು. ಕರ್ತೃವು ಯಾರೆಂಬುದು ಕನ್ನಡ ನಾಡಿಗೆ ತಿಳಿದುದು ಆತನು ಗತಿಸಿದ ಬಹುಕಾಲದ ಮೇಲೆ.

ಇದನ್ನು ವಿನಯವೆಂದು ಕೊಂಡಾಡುವುದು ವಾಡಿಕೆ. ಆದರೆ ವಿನಯವು ಹೆಸರನ್ನು ಬಿಟ್ಟೀತೇ ಹೊರತು ವೇಷವನ್ನು ಹಾಕದು. ಹೊಸಬನ ಕೃತಿಗೆ ಮನ್ನಣೆ ದೊರೆಯದೆಂಬ ಅಳುಕೇ ಇದಕ್ಕೆ ಮೂಲವೆಂದು ಊಹಿಸಬಹುದು. ಆ ಅಳುಕಿನ ಫಲವನ್ನು ನೋಡಬೇಕು: ಆತನ ಹಳಗನ್ನಡವು ಎಷ್ಟು ಪರಿಶುದ್ಧವಾಯಿತೋ, ಕೃತಿಯು ಅಷ್ಟಷ್ಟೂ ಪರರದೆನಿಸಿತು. ಹೊಗಳಿಕೆಯೆಲ್ಲವೂ ಇಲ್ಲದ ಕವಿಯೊಬ್ಬನಿಗೆ ಸಂದಿತು. ಇದ್ದ ಕವಿಯ ಸಂದೇಹಕ್ಕೆ ಸಮಾಧಾನವೇ ದೊರೆಯದೆ ಹೋಯಿತು.

ಸಂದೇಹವು ಕವಿಗೆ ದೋಷವಲ್ಲ. ಚೆನ್ನಾಗಿ ಕಲಿತವರ ಮನಸ್ಸೂ ತನ್ನಲ್ಲಿ ತಾನು ನೆಚ್ಚಿಕೆ ಇಡಲಾರದೆಂಬ ಭಾವವು ‘ಶಾಕುಂತಲ’ದ ಪ್ರಸ್ತಾವನೆಯಲ್ಲಿಯೇ ಇದೆ. ಆದರೆ ಕಾಳಿದಾಸನು ಆ ಅಳುಕನ್ನು ಸಹೃದಯರ ಮುಂದೆ ಸೂತ್ರಧಾರನ ಬಾಯಿಂದ ಆಡಿಸಿ, ನಾಟಕವನ್ನು ತನ್ನ ಹೆಸರಿನಲ್ಲಿಯೇ ಅವರ ಪರೀಕ್ಷೆಗೆ ಒಪ್ಪಿಸಿದನು.

ಮುದ್ದಣನೂ ಒಂದೆಡೆ ಹಾಗೆ ಆಡಿದ್ದಾನೆ. ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಮುದ್ದಣನ ಎದುರು ಕೇಳುವ ಮಡದಿ ಮನೋರಮೆ ಕುಳಿತಿದ್ದಾಳೆ. ಆತನು ಸಂಸ್ಕೃತ ಸಮಾಸಗಳ ಆಡಂಬರಕ್ಕೆ ತೊಡಗಿದರೆ ತಡೆಯುತ್ತಾಳೆ, ತಿಳಿಗನ್ನಡವನ್ನು ಬೇಡುತ್ತಾಳೆ, ಪದ್ಯವನ್ನೊಲ್ಲದೆ ಗದ್ಯವನ್ನು ಆರಿಸುತ್ತಾಳೆ. ಪಾಂಡಿತ್ಯವನ್ನು ಅವಳು ಒರೆಗೆ ಹಚ್ಚುವಳೇ ಹೊರತು ಪಂಡಿತನನ್ನು ಹೀಗಳೆಯಳು. ಅವಳ ಆಕ್ಷೇಪದಿಂದ ಕಥೆ ನಿಲ್ಲುವುದಿಲ್ಲ, ತಿದ್ದಿಕೊಂಡು ಮುಂದುವರಿಯುತ್ತದೆ. ಕವಿಯು ತನ್ನೊಳಗಿನ ಕಠಿಣ ಪರೀಕ್ಷಕನಿಗೆ ಒಲಿದವಳ ದನಿಯನ್ನು ಕೊಟ್ಟನೆಂದರೆ ತಪ್ಪಾಗದು.

ಕೃತಿಯ ಗೆಲವೂ ಅಲ್ಲಿಯೇ ಇದೆ. ಪ್ರಾಚೀನರಿಗೆ ಸರಿಗಟ್ಟಲೆಂದು ಹೆಣೆದ ವರ್ಣನೆಗಳಿಗಿಂತ ಈ ದಂಪತಿಗಳ ಸರಸ ಸಲ್ಲಾಪವೇ ಓದುಗರ ನೆನಪಿನಲ್ಲಿ ಉಳಿದಿದೆ. ಕುಂದಿಲ್ಲದಂತೆ ತೋರಲೆಂದು ಮರೆಮಾಚಿದುದಕ್ಕಿಂತ, ಕುಂದನ್ನು ನಗುತ್ತ ಒಪ್ಪಿಕೊಂಡುದೇ ಬಾಳಿತು. ಅದನ್ನು ಕಾಣಲು ಕವಿಗೆ ಆಯುಸ್ಸು ಸಾಲಲಿಲ್ಲ.

ಇಂದು ರಾಜಾಜಿನಗರ, ವಿಜಯನಗರಗಳಂತಹ ಬಡಾವಣೆಗಳ ವಿದ್ಯಾವಂತ ಮನೆಗಳಲ್ಲಿಯೂ, ನೂರಕ್ಕೆ ತೊಂಬತ್ತೆಂಟು ಅಂಕ ಗಳಿಸಿ ಉಳಿದೆರಡಕ್ಕಾಗಿ ಕೊರಗುವ ಮಕ್ಕಳು ಇಲ್ಲದೆ ಇಲ್ಲ. ಅಂಥವರ ಬಳಿ ಬೇಕಾದುದು ಬರಿಯ ಹೊಗಳಿಕೆಯಲ್ಲ, ಬರಿಯ ಗದರಿಕೆಯೂ ಅಲ್ಲ. ತಪ್ಪನ್ನು ತಪ್ಪೆಂದು ಹೇಳಿ, ಮುಂದಿನ ಕಥೆಯನ್ನು ಕೇಳಲು ಕುಳಿತುಕೊಳ್ಳುವ ಒಬ್ಬ ಮನೋರಮೆ.