ಪ್ರತಿನಾಯಕನ ವೇಷ

ಮೊಳಕಾಲ್ಮೂರು ಸೀಮೆಯ ಜಟಿಂಗರಾಮೇಶ್ವರದ ಬೆಟ್ಟವು ಅಶೋಕನ ಶಿಲಾಶಾಸನದಿಂದ ಪಂಡಿತರಿಗೂ, ಜಟಾಯುವಿನ ಕಥೆಯಿಂದ ಪಾಮರರಿಗೂ ಪರಿಚಿತವಾದುದು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಅಡ್ಡಗಟ್ಟಿದ ಪಕ್ಷಿರಾಜನು ರೆಕ್ಕೆ ಕತ್ತರಿಸಿಹೋಗಿ ಬಿದ್ದುದು ಇಲ್ಲಿಯೇ ಎಂದು ಸ್ಥಳದ ಐತಿಹ್ಯ. ಕಥೆ ಕೇಳುವಾಗ ಆ ಸುತ್ತಿನ ಜನರು ಜಟಾಯುವಿನ ಪಕ್ಷವನ್ನು ವಹಿಸುವುದು ಸಹಜವೇ ಸರಿ. ಆದರೆ ಚಳ್ಳಕೆರೆಯ ಕಡೆಯಾಗಲಿ ಇತ್ತ ಕಡೆಯಾಗಲಿ ಬಯಲಾಟಕ್ಕೆ ಅಟ್ಟ ಹಾಕಿ ವೇಷಗಳನ್ನು ಹಂಚುವ ಹೊತ್ತಿಗೆ, ಗಟ್ಟಿ ಕಂಠದ ಯುವಕರ ಕಣ್ಣು ಎಷ್ಟೋ ವೇಳೆ ಬೀಳುವುದು ರಾಮನ ಕಿರೀಟದ ಮೇಲಲ್ಲ, ರಾವಣನ ಭುಜಕೀರ್ತಿಯ ಮೇಲೆ. ಧರ್ಮರಾಯನ ಪೀಠದ ಮೇಲಲ್ಲ, ಕೌರವನ ಗದೆಯ ಮೇಲೆ. ಗೆಲ್ಲಬೇಕಾದ ಕಡೆಯ ಶತ್ರುವನ್ನೇ ತಾನಾಗಿ ಕುಣಿಯಬೇಕೆಂಬ ಈ ಹಂಬಲದ ಸ್ವರೂಪವೇನೆಂಬುದು ವಿಚಾರಣೀಯವಾಗಿದೆ.

ಇದು ಹಳ್ಳಿಯ ಅಟ್ಟಕ್ಕೆ ಮಾತ್ರ ಸೇರಿದ ಹಂಬಲವಲ್ಲ. ೧೯೯೧ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಹೊರತಂದ ‘ಸ್ಟ್ರೀಟ್ ಫೈಟರ್ ೨’ ಎಂಬ ದ್ವಂದ್ವಯುದ್ಧದ ಯಂತ್ರಕ್ರೀಡೆಯಲ್ಲಿ ಆಟಗಾರನು ಎಂಟು ಮಂದಿ ಭಟರಲ್ಲಿ ಒಬ್ಬನನ್ನು ಆರಿಸಿಕೊಳ್ಳಬಹುದಾಗಿದ್ದಿತು. ಕೊನೆಯಲ್ಲಿ ಎದುರಾಗುವ ನಾಲ್ವರು ಮಾತ್ರ ಯಂತ್ರದ ವಶದಲ್ಲಿಯೇ ಇದ್ದರು. ೧೯೯೨ರ ಪರಿಷ್ಕೃತ ಆವೃತ್ತಿಯಲ್ಲಿ ಆ ನಾಲ್ವರೂ ಆಟಗಾರರ ಕೈಗೆ ಬಂದರು. ಇಂಥ ಕ್ರೀಡೆಗಳಲ್ಲಿ ಕಡೆಯ ಶತ್ರುವನ್ನು ಆಟಗಾರನಿಗೆ ಒಪ್ಪಿಸುವಾಗ ಅವನ ಬಲವನ್ನು ಒಂದಿಷ್ಟು ತಗ್ಗಿಸುವುದು ವಾಡಿಕೆ. ಇಲ್ಲದಿದ್ದರೆ ಸಮಬಲದ ಹೋರಾಟವು ನಡೆಯಲಾರದು. ಇದು ಕ್ರೀಡೆಯ ನ್ಯಾಯ. ಕಾವ್ಯದಲ್ಲಿ ಈ ನ್ಯಾಯವು ನಡೆಯುವುದೇ?

ನಮ್ಮ ಆಲಂಕಾರಿಕರು ಈ ತೊಡಕನ್ನು ಬಲ್ಲವರಾಗಿದ್ದರು. ವಂಶ ವೀರ್ಯ ವಿದ್ಯೆಗಳಿಂದ ಒಬ್ಬನನ್ನು ಮೊದಲು ನಾಯಕನಂತೆ ಕೊಂಡಾಡಿ, ಅನಂತರ ಮತ್ತೊಬ್ಬನ ಉತ್ಕರ್ಷಕ್ಕಾಗಿ ಅವನನ್ನೇ ಕೊಲ್ಲಿಸಕೂಡದೆಂಬುದು ಭಾಮಹನ ಮತ. ದಂಡಿಯಾದರೋ, ಶತ್ರುವಿನ ಗುಣಗಳನ್ನು ವರ್ಣಿಸಿ ಅಂಥವನನ್ನು ಗೆದ್ದ ನಾಯಕನನ್ನು ಮೆರೆಯಿಸುವುದೂ ಸಂತೋಷಕರವೇ ಎನ್ನುವನು. ದಶರೂಪಕದ ಧನಂಜಯನಿಗೆ ಪ್ರತಿನಾಯಕನು ಲೋಭಿ, ಧೀರೋದ್ಧತ, ಪಾಪಕಾರಿ, ವ್ಯಸನಿ. ಈ ಮೂವರಲ್ಲಿ ದಂಡಿಯೇ ಉದಾರಿ. ಆದರೆ ಅವನ ಔದಾರ್ಯದಲ್ಲಿಯೂ ಲೆಕ್ಕಾಚಾರವುಂಟು. ಶತ್ರುವಿನ ಹೊಗಳಿಕೆಯೆಲ್ಲ ಕಟ್ಟಕಡೆಗೆ ನಾಯಕನ ಖಾತೆಗೇ ಜಮೆಯಾಗುವುದು.

ಕವಿಚಕ್ರವರ್ತಿ ರನ್ನನು ಈ ಲೆಕ್ಕಕ್ಕೆ ಸಿಕ್ಕಲಿಲ್ಲ. ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದು ಹೆಸರು. ಭೀಮನಲ್ಲಿ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಅಭೇದವಾಗಿ ಕಂಡಿರುವುದು ಪ್ರಸಿದ್ಧವೇ. ಹೀಗಿದ್ದರೂ, ಹತ್ತು ಆಶ್ವಾಸಗಳ ಈ ಕಾವ್ಯದಲ್ಲಿ ಸಹೃದಯನು ಯಾರ ಕಾಲಿನಿಂದ ನಡೆಯುವನು? ಸಂಜಯನೊಡನೆ ಹೆಣಗಳ ನಡುವೆ, ರಕ್ತದ ಕೆಸರಿನಲ್ಲಿ, ಶರಶಯ್ಯೆಯ ಭೀಷ್ಮನ ಕಡೆಗೆ ಸಾಗುವ ದುರ್ಯೋಧನನ ಕಾಲಿನಿಂದ. ದ್ರೋಣನನ್ನು ಕಾಣುವನು, ಮಗನನ್ನು ಕಾಣುವನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಕುಸಿಯುವನು. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಕೈಮುಗಿದು ಅಂಥ ಮರಣವನ್ನೇ ತನಗೂ ಹಾರೈಸಿಕೊಳ್ಳುವನು. ಇಲ್ಲಿ ರನ್ನನು ಅವನ ಗದೆಯ ಬಲದಲ್ಲಿ ಗುಲಗಂಜಿಯಷ್ಟನ್ನೂ ಕಳೆದಿಲ್ಲ. ಕಳೆದುದು ಅವನ ಸೈನ್ಯವನ್ನು, ತಮ್ಮಂದಿರನ್ನು, ಗೆಳೆಯನನ್ನು. ಅಷ್ಟೇ ಮುಖ್ಯವಾದುದು, ಅವನ ಅಪರಾಧಗಳನ್ನೂ ಕವಿ ತೊಳೆದಿಲ್ಲ. ಸಂಧಿಯಾಗೆಂದು ಅಜ್ಜನು ಹೇಳಿದರೂ ಒಲ್ಲದವನು ಅವನೇ. ದ್ರೌಪದಿಯ ಮುಡಿಯು ಬಿಚ್ಚಿದುದೂ ಮರೆತುಹೋಗಿಲ್ಲ. ಆ ಛಲದೊಳಗೇ ಹೊಕ್ಕು ನಡೆಯುವ ವಾಚಕನು ಅದರ ಬಿಸಿಯನ್ನೂ ಹೊರಬೇಕಾಗುವುದು. ಕಾವ್ಯದ ಕೊನೆಯಲ್ಲಿ ಭೀಮನ ಜಯಘೋಷಕ್ಕೆ ಮನಸ್ಸು ಪೂರ್ತಿಯಾಗಿ ಒದಗದಿರುವುದು ಇದರಿಂದಲೇ. ಭಾಮಹನು ಹೆದರಿದುದು ಇದಕ್ಕೇ ಇರಬೇಕು. ರನ್ನನ ಹಿರಿಮೆಯೂ ಇದರಲ್ಲಿಯೇ ಇದೆ.

ಬಿ. ಎಂ. ಶ್ರೀಕಂಠಯ್ಯನವರು ೧೯೨೬ರ ತಮ್ಮ ಗದಾಯುದ್ಧ ನಾಟಕದಲ್ಲಿ ರನ್ನನ ವಸ್ತುವನ್ನೇ ಎತ್ತಿಕೊಂಡು ಅದನ್ನು ರುದ್ರನಾಟಕವನ್ನಾಗಿ ನಿಲ್ಲಿಸಿದರು. ನಾಗಚಂದ್ರನ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿದವರೂ ಅವರೇ. ಜೈನ ಕಥಾಕ್ರಮದಲ್ಲಿ ರಾವಣನು ಪ್ರತಿವಾಸುದೇವ, ವಾಸುದೇವನಾದ ಲಕ್ಷ್ಮಣನ ಕೈಯಲ್ಲಿ ಸಾಯಬೇಕೆಂದು ಹುಟ್ಟಿದವನು. ಆ ಚೌಕಟ್ಟಿನೊಳಗೇ ನಾಗಚಂದ್ರನು ಅವನಿಗೆ ಒಂದು ಮನಸ್ಸನ್ನು ಕೊಟ್ಟನು. ಸೀತೆಯ ಶೀಲವನ್ನು ಕಂಡು ರಾವಣನ ಬಯಕೆ ಇಳಿಯುವುದು, ಅವಳನ್ನು ಒಪ್ಪಿಸಬೇಕೆಂದೂ ನಿಶ್ಚಯವಾಗುವುದು. ಆದರೆ ಈಗಲೇ ಒಪ್ಪಿಸಿದರೆ ಅಂಜಿದನೆಂದಾರು, ಗೆದ್ದ ಮೇಲೆ ಒಪ್ಪಿಸುವೆನೆಂದು ಕದನಕ್ಕೆ ನಡೆಯುವನು. ಪಾಪವು ತೊಲಗಿದ ಮೇಲೂ ಅಭಿಮಾನವು ತೊಲಗಲಿಲ್ಲ. ರಾವಣನ ಪಾತ್ರವನ್ನು ಧರಿಸುವ ನಟನು ಇದೊಂದು ಗಳಿಗೆಯನ್ನು ಹಿಡಿದರೆ ಸಾಕು, ಹತ್ತು ತಲೆಗಳ ಭಾರವು ಅವನಿಗೆ ತಿಳಿದೀತು. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅವರ ಶಿಷ್ಯರಾದ ಕುವೆಂಪು ಅರ್ಪಿಸಿದ ಶ್ರೀರಾಮಾಯಣ ದರ್ಶನದಲ್ಲಿ ಈ ರಾವಣಪರಿವರ್ತನೆಯು ಇನ್ನೂ ದೂರ ಹೋಗಿದೆ. ಅದರ ವಿವೇಚನೆಗೆ ಬೇರೆಯೇ ಲೇಖನ ಬೇಕು.

ಇದನ್ನು ನೋಡಿ ಕಲಿತವರೆಂದು ಹೇಳಿಕೊಳ್ಳುವ ಕೆಲವು ನಾಟಕಕಾರರು ಪ್ರತಿನಾಯಕನಿಗೆ ಮಾಡುವ ಉಪಕಾರವು ವಿಚಿತ್ರವಾದುದು. ಕ್ರೀಡೆಯವರು ಅವನ ಬಲವನ್ನು ತಗ್ಗಿಸಿದರೆ ಇವರು ಪಾಪವನ್ನು ತಗ್ಗಿಸುವರು. ದ್ಯೂತದ ಹೊಣೆಯೆಲ್ಲ ಶಕುನಿಗೆ, ಸೀತಾಪಹಾರದ ಹೊಣೆಯೆಲ್ಲ ಶೂರ್ಪಣಖಿಗೆ! ಉಳಿಯುವವನು ಅಪವಾದಕ್ಕೆ ಗುರಿಯಾದ ಒಬ್ಬ ಸಜ್ಜನ. ಸಜ್ಜನನ ವೇಷವನ್ನು ಕಟ್ಟಲು ರಾವಣನ ಹೆಸರೇಕೆ ಬೇಕು? ಭಾಸನದೆನ್ನುವ ಊರುಭಂಗದಲ್ಲಿ ತೊಡೆ ಮುರಿದ ದುರ್ಯೋಧನನ ಬಳಿಗೆ ಅವನ ಎಳೆಯ ಮಗನು ಬಂದು ವಾಡಿಕೆಯಂತೆ ತೊಡೆಯೇರಲು ಹೋಗುವನು. ಯಾವ ತೊಡೆಯನ್ನು ಸಭೆಯಲ್ಲಿ ದ್ರೌಪದಿಗೆ ತೋರಿಸಿದನೋ ಆ ತೊಡೆ ಅದು. ಸಭೆಯ ಪಾಪವನ್ನು ಅಳಿಸಿದರೆ ಈ ದೃಶ್ಯದ ಅರ್ಧ ಶೋಕವೇ ಅಳಿಸಿಹೋಗುವುದು.

ಬಯಲಾಟದವರಿಗೆ ಈ ಶಾಸ್ತ್ರವೆಲ್ಲ ಬೇಕಿಲ್ಲ. ನೀನಾರೆಂದು ಸಾರಥಿಯು ಕೇಳುವನು. ಕೌರವನು ತನ್ನ ಬಿರುದುಬಾವಲಿಗಳನ್ನೆಲ್ಲ ಹೇಳಿ ಅಟ್ಟ ನಡುಗುವಂತೆ ಕುಣಿಯುವನು. ಬೆಳಗಾಗುವುದರೊಳಗೆ ತನ್ನ ತೊಡೆ ಮುರಿಯಬೇಕೆಂಬುದು ವೇಷಧಾರಿಗೂ ಗೊತ್ತು, ಕಂಬಳಿ ಹೊದ್ದು ಕುಳಿತವರಿಗೂ ಗೊತ್ತು. ಯಂತ್ರದ ಆಟಗಾರನಿಗಿರುವ ಗೆಲವಿನ ಆಸೆ ಇವನಿಗಿಲ್ಲ; ಆದರೂ ಕುಣಿತದಲ್ಲಿ ಕೊರತೆಯಿಲ್ಲ. ಆದುದರಿಂದ, ಇಡೀ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸುವವರು ರಣಭೂಮಿಯ ನಡಿಗೆಯನ್ನು ಬಿಟ್ಟು ನೇರವಾಗಿ ಗದೆಗಳ ಹೊಡೆದಾಟಕ್ಕೆ ಹಾರುವುದು ಸರಿಯಲ್ಲ. ಸಮಯದ ಅಭಾವವಾದರೆ ಭೀಮನ ಪಟ್ಟಾಭಿಷೇಕವನ್ನು ಬಿಡಲಿ.