ಬೇಕಾದ ಊಹೆ, ಸಾಕಾಗುವ ಊಹೆ

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆಲ್ಲ ‘ಹೇಳಿಕೆ ಮತ್ತು ಊಹೆ’ ಪ್ರಶ್ನೆಗಳು ಪರಿಚಿತ. ಮೇಲೊಂದು ಹೇಳಿಕೆ, ಕೆಳಗೆರಡು ಊಹೆ. ಯಾವುದು ಹೇಳಿಕೆಯಲ್ಲಿ ಅಂತರ್ಗತವಾಗಿದೆ ಎಂದು ಗುರುತಿಸಬೇಕು. ಕಂಠಪಾಠಕ್ಕೆ ಬಗ್ಗದೆ ಯೋಚನೆಯನ್ನೇ ಅಳೆಯುವುದು ಈ ಮಾದರಿಯ ಗುಣ. ಆದರೆ ವಾದಕ್ಕೆ ಬೇಕೇಬೇಕಾದ ಊಹೆ ಒಂದು, ವಾದವನ್ನು ಗೆಲ್ಲಿಸಲು ಸಾಕಾಗುವ ಊಹೆ ಇನ್ನೊಂದು. ನಮ್ಮ ಬಹುಪಾಲು ಕೈಪಿಡಿಗಳು ಈ ಎರಡನ್ನು ಬೇರ್ಪಡಿಸುವ ಗೋಜಿಗೇ ಹೋಗುವುದಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಕಟ್ಟೆ ತುಂಬಿದ ಮುಂಗಾರುಗಳಲ್ಲಿ ಕೇಳಿಬರುವ ಒಂದು ವಾದವನ್ನೇ ನೋಡೋಣ: ‘ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದೆ. ಹಾಗಾಗಿ ಪಾಂಡವಪುರದ ವಿಶ್ವೇಶ್ವರಯ್ಯ ನಾಲೆಯ ರೈತರಿಗೆ ಈ ಸಲ ಭತ್ತಕ್ಕೆ ಸಾಕಷ್ಟು ನಾಲೆ ನೀರು ಸಿಗುತ್ತದೆ.’ ಇದಕ್ಕೆ ಎರಡು ಊಹೆ. ಒಂದು, ‘ಈ ಹಂಗಾಮಿನುದ್ದಕ್ಕೂ ನಾಲೆಯನ್ನು ದುರಸ್ತಿಗೆಂದು ಮುಚ್ಚಿರುವುದಿಲ್ಲ.’ ಎರಡು, ‘ಕಟ್ಟೆ ತುಂಬಿದ ವರ್ಷಗಳಲ್ಲೆಲ್ಲ ಆ ನಾಲೆಯ ಪ್ರತಿಯೊಬ್ಬ ರೈತನಿಗೂ ಭತ್ತಕ್ಕೆ ಸಾಕಷ್ಟು ನಾಲೆ ನೀರು ಸಿಗುತ್ತದೆ.’

ಮೊದಲನೆಯದನ್ನು ಅಲ್ಲಗಳೆದರೆ ವಾದ ಬಿದ್ದುಹೋಗುತ್ತದೆ, ಅದಿಲ್ಲದೆ ವಾದವಿಲ್ಲ. ಆದರೆ ಅದೊಂದೇ ಇದ್ದರೆ ಸಾಲದು. ನಾಲೆ ತೆರೆದಿದ್ದೂ ಕೊನೆಭಾಗಕ್ಕೆ ನೀರು ತಲುಪದಿರಬಹುದು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ತಮಿಳುನಾಡಿಗೆ ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ಹರಿಸಬೇಕಾದ ಲೆಕ್ಕವೂ ಇದೆ. ಎರಡನೆಯದು ನಿಜವಾಗಿದ್ದರೆ ತೀರ್ಮಾನ ತಾನಾಗಿ ಬರುತ್ತದೆ. ಆದರೂ ಅದು ವಾದಕ್ಕೆ ಬೇಕೇಬೇಕಾದುದಲ್ಲ: ಹಿಂದೊಂದು ವರ್ಷ ಕಟ್ಟೆ ತುಂಬಿಯೂ ನೀರು ಸಾಲದೆ ಹೋಗಿದ್ದರೂ ಈ ವರ್ಷ ಸಾಕಾಗಬಹುದಲ್ಲ!

ಇದೇ ವಾದವನ್ನು ‘ಕಟ್ಟೆ ತುಂಬಿದೆ, ಜಿಲ್ಲೆಯ ಬೇಸಾಯಕ್ಕೆ ಚಿಂತೆಯಿಲ್ಲ’ ಎಂದು ಹಿಗ್ಗಿಸಿದರೆ, ಬೇಕಾದ ಊಹೆಯನ್ನು ಹುಡುಕುವುದರ ಬೆಲೆ ತಿಳಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳಿವೆ. ಅಲ್ಲಿ ಮಾತು ಒಪ್ಪಬಹುದು. ಕೆ.ಆರ್. ಪೇಟೆ, ನಾಗಮಂಗಲಗಳ ಮಾತೇ ಬೇರೆ: ಅಲ್ಲಿನವರು ನೋಡುವುದು ಹೇಮಾವತಿ ನಾಲೆಯನ್ನು, ಮಳೆಯನ್ನು, ಕೆರೆಯನ್ನು. ಆ ತಾಲ್ಲೂಕುಗಳ ನೀರಿನ ಗತಿಯೂ ಕನ್ನಂಬಾಡಿಯ ಮಟ್ಟದ ಜೊತೆಗೇ ಸಾಗುತ್ತದೆ ಎಂದು ವಾದ ಸದ್ದಿಲ್ಲದೆ ಒಪ್ಪಿಕೊಂಡಿದೆ.

ಕೋಚಿಂಗ್ ತರಗತಿಗಳಲ್ಲಿ ಇಂಥ ಪರಿಶೀಲನೆಯ ಬದಲು ಒಂದು ಕಿರುದಾರಿ ಸಿಗುತ್ತದೆ: ‘ಎಲ್ಲ, ಮಾತ್ರ, ಯಾವಾಗಲೂ ಎಂದಿದ್ದರೆ ಆ ಊಹೆ ತಪ್ಪು’. ಬೇಕಾದ ಊಹೆಯನ್ನು ಕೇಳಿದಾಗ ಈ ಸೂತ್ರ ಹೆಚ್ಚಾಗಿ ಫಲಿಸುತ್ತದೆ, ಏಕೆಂದರೆ ವಾದಕ್ಕೆ ಅಷ್ಟು ದೊಡ್ಡ ಆಸರೆ ಅಪರೂಪಕ್ಕಷ್ಟೇ ಬೇಕು. ಸಾಕಾಗುವ ಊಹೆಯನ್ನು ಕೇಳಿದಾಗ ಅದೇ ಸೂತ್ರ ಸರಿಯುತ್ತರವನ್ನೇ ಹೊಡೆದುಹಾಕುತ್ತದೆ. ಅಲ್ಲಿ ಗೆಲ್ಲುವುದು ‘ಎಲ್ಲ’ ಎನ್ನುವ ಗಟ್ಟಿ ಮಾತೇ. ಅಮೆರಿಕದ ಕಾನೂನು ಶಾಲೆಗಳ ಎಲ್‌ಸ್ಯಾಟ್ ಪರೀಕ್ಷೆ ಈ ವಿಷಯದಲ್ಲಿ ಪ್ರಾಮಾಣಿಕ: ‘ವಾದ ಯಾವ ಊಹೆಯನ್ನು ಅವಲಂಬಿಸಿದೆ’ ಎಂಬುದೂ ‘ಯಾವುದನ್ನು ಒಪ್ಪಿಕೊಂಡರೆ ತೀರ್ಮಾನ ಸಿದ್ಧವಾಗುತ್ತದೆ’ ಎಂಬುದೂ ಅಲ್ಲಿ ಎರಡು ಬೇರೆ ಪ್ರಶ್ನೆಗಳು. ನಮ್ಮಲ್ಲಿ ‘ಅಂತರ್ಗತ’ ಎಂಬೊಂದು ಮಾತಿನಡಿ ಎರಡೂ ಮಸುಕಾಗುತ್ತವೆ. ಒಂದೇ ಊಹೆ ಬೇಕಾದುದೂ ಸಾಕಾಗುವುದೂ ಆಗಿರಬಹುದು ಎಂಬುದಂತೂ ಚರ್ಚೆಗೇ ಬರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಹೊರೆಯಿದೆ. 2024ರ ಆಗಸ್ಟ್‌ನ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಅನುವಾದದ ದೋಷಗಳಿಗಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ‘ನೀರು ಬಿಟ್ಟರೆ ನಾಟಿ’, ‘ನೀರು ಬಿಟ್ಟರೆ ಮಾತ್ರ ನಾಟಿ’ ಎರಡೂ ಒಂದೇ ಎಂದುಕೊಳ್ಳುವ ಅನುವಾದಕನ ಕೈಯಲ್ಲಿ ಇಂಥ ಪ್ರಶ್ನೆ ಉಳಿಯದು.

ಆದ್ದರಿಂದ ಮಾದರಿಯನ್ನು ಕೈಬಿಡಬೇಕಿಲ್ಲ, ಬಿಗಿಗೊಳಿಸಬೇಕು. ಯಾವ ಬಗೆಯ ಊಹೆ ಬೇಕೆಂದು ಪ್ರಶ್ನೆಯೇ ಹೇಳಲಿ. ಕೈಪಿಡಿಗಳು ಪದ ಹುಡುಕುವುದನ್ನು ಬಿಟ್ಟು ಅಲ್ಲಗಳೆದು ನೋಡುವುದನ್ನು ಕಲಿಸಲಿ. ಈ ಪರೀಕ್ಷೆ ಗೆದ್ದವರೇ ನಾಳೆ ತಾಲ್ಲೂಕು ಕಚೇರಿಯಲ್ಲಿ ಕೂರುವವರು. ಕಟ್ಟೆ ತುಂಬಿದ ಸುದ್ದಿಗೂ ಗದ್ದೆಗೆ ನೀರು ತಲುಪುವುದಕ್ಕೂ ನಡುವೆ ಏನೇನು ಬೇಕು ಎಂದು ಎಣಿಸಲು ಅವರಿಗೆ ಬರಬೇಕು.